ಕೀಲಿ ಕೊಡದೆ ನಡೆಯುವ ಕಡ್ಡಿ

ಪ್ರೀತಿಯ ಮಗಳೇ,

ನೋಟವನ್ನು ಮಂಜಾಗಿಸಿದ್ದ ಕಣ್ಣಿನೊಳಗಿನ ಊತಕ್ಕೆ ಪ್ರತಿ ತಿಂಗಳೂ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಹೆದರಿ ಎರಡು ಸಲ ತಪ್ಪಿಸಿಕೊಂಡಿದ್ದೆ. ಅಮ್ಮನಿಗೆ ಹೇಳಬೇಡ. ಹೋದ ತಿಂಗಳು ಡಾಕ್ಟರು ಅಕ್ಕಿಕಾಳಿಗಿಂತ ತೆಳ್ಳಗಿನ ಪಾಲಿಮರ್ ಕಡ್ಡಿಯೊಂದನ್ನು ಕಣ್ಣೊಳಗೆ ಇಟ್ಟರು.

"ಮೂರ್ನಾಲ್ಕು ತಿಂಗಳು ಸ್ವಲ್ಪಸ್ವಲ್ಪವೇ ಔಷಧಿ ಬಿಡುತ್ತೆ, ಆಮೇಲೆ ತಾನೇ ಕರಗಿಹೋಗುತ್ತೆ" ಅಂದರು.

"ಕೀಲಿ ಕೊಡೋರು ಯಾರು?" ಎಂದೆ. ನಕ್ಕುಬಿಟ್ಟರು.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ನಾನು. ಚಕ್ರವಿಲ್ಲದೆ, ಸ್ಪ್ರಿಂಗಿಲ್ಲದೆ ಹೊತ್ತಿಗೆ ಸರಿಯಾಗಿ ದುಡಿಯುವ ವಸ್ತುವನ್ನು ಇದೇ ಮೊದಲು ಕಂಡದ್ದು. ನೀನು ಲ್ಯಾಬಿನಲ್ಲಿ ಮಾಡುವುದೂ ಇಂಥ ಪಾಲಿಮರ್ ಕಡ್ಡಿಗಳನ್ನೇ ಅಲ್ಲವೇ? ಅದನ್ನು ಪ್ಲಾಸ್ಟಿಕ್ ಕೆಲಸವೆಂದು ಹಂಗಿಸುತ್ತಿದ್ದೆನಲ್ಲ, ಈಗ ನಾಚಿಕೆಯಾಗುತ್ತದೆ.

ನಿನ್ನೆ ಒಂದು ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ನಾನೇ ಕೂರಿಸಿದೆ. ಮುಂದಿನ ಸಲ ಬರುವಾಗ ಅಂಥ ಕಡ್ಡಿಯೊಂದನ್ನು ತಂದು ತೋರಿಸು. ನನಗೆ ದೃಷ್ಟಿ ಕೊಟ್ಟದ್ದನ್ನೇ ನಾನಿನ್ನೂ ಸರಿಯಾಗಿ ನೋಡಿಲ್ಲ.

ನಿನ್ನ ಅಪ್ಪ