ಭಂಡಾರಕ್ಕೆ ಬದಲಿ

ಮೇ 19, ಸೋಮವಾರ

ಬೆಳಿಗ್ಗೆ ಮರಿಗಳಿಗೆ ಜಂತಿನ ಔಷಧ. ಅಪ್ಪ ಹಿಡಿದ, ನಾನು ಬಾಯಿ ಬಿಡಿಸಿದೆ. ಡೇರಿ ಡಿಪ್ಲೊಮಾ ಮುಗಿಸಿ ವರ್ಷವಾಯಿತು. ಕೈಯಲ್ಲಿ ಇನ್ನೂ ಕುರಿ ನಾತ.

ಮಧ್ಯಾಹ್ನ ವಿರುಪಾಕ್ಷಪ್ಪ ಸಾವ್ಕಾರರ ಮನೆಗೆ ಹೋದೆವು. ಕಬ್ಬು, ದ್ರಾಕ್ಷಿ ಸಾಲದು ಅಂತ ಈಗ ಡೇರಿ ಹಾಕಿದ್ದಾರೆ. ಎಮ್ಮೆ ನೋಡಿಕೊಳ್ಳಲು, ಹಾಲು ತಪಾಸಣೆಗೆ ಓದಿದವಳು ಬೇಕಂತೆ. ಹೂಂ ಅಂದೆ. ಅನ್ನದೆ ಏನು ಮಾಡಲಿ? ಕಬ್ಬು ಕಡಿದ ಅವರ ಹೊಲದಲ್ಲೇ ನಮ್ಮ ಕುರಿ ಮೇಯುವುದು, ರಾತ್ರಿ ನಿಲ್ಲುವುದು. ಗೊಬ್ಬರ ಅವರಿಗೆ, ಮೇವು ನಮಗೆ.

ಆರ್ಡರ್ ಕಾಪಿ ಕೇಳಿದೆ. ನಕ್ಕರು.

“ನಿಮಗ್ಯಾಕ ಬೇ ಕಾಗದ? ನಿಮ್ಮಪ್ಪ ಭಂಡಾರ ಎತ್ತಿದ್ರ ಮುಗೀತು. ಸುಪ್ರೀಂ ಕೋರ್ಟಿಗಿಂತ ಗಟ್ಟಿ.”

ಅಲ್ಲೇ ಮ್ಯಾನೇಜರ್ ಆಗಿರುವ ಅವರ ಅಳಿಯನಿಗೆ ಲೆಟರ್‌ಹೆಡ್ ಮೇಲೆ ಆರ್ಡರ್. ನಮಗೆ ಚಿಟಿಕೆ ಅರಿಶಿನ ಪುಡಿ. ಅಪ್ಪ ಸೊಂಟದ ಚೀಲದಿಂದ ಬೀರದೇವರ ಭಂಡಾರ ತೆಗೆದು ಎತ್ತಿ ಹಿಡಿದು ಆಣೆ ಮಾಡಿದ. “ಮೂರ ವರ್ಷ ನನ್ನ ಮಗಳ ಕೆಲಸಾ ಬಿಡೂದಿಲ್ರಿ.” ನನ್ನ ಹಣೆಗೂ ಹಚ್ಚಿದ. ಜೂನ್ ಎರಡರಿಂದ ಹೋಗಬೇಕು.

ಸಾವ್ಕಾರರ ಬೆರಳಿಗೆ ಹಳದಿ ತಾಗಲಿಲ್ಲ.

ಮೇ 28, ಬುಧವಾರ

ನಿಪಾಣಿಯಿಂದ ಫೋನ್. ಹಾಲಿನ ಕಂಪನಿ. ಮಾರ್ಚ್‌ನಲ್ಲಿ ಇಂಟರ್‌ವ್ಯೂ ಕೊಟ್ಟು ಮರೆತಿದ್ದೆ. ಲ್ಯಾಬ್ ಅಸಿಸ್ಟೆಂಟ್. ಪಗಾರ ಸಾವ್ಕಾರ ಹೇಳಿದ್ದರ ಎರಡು ಪಟ್ಟು. ಪಿಎಫ್. ಹಾಸ್ಟೆಲ್. “ಮನಿಷಾ ಮೇಡಂ” ಅಂದಳು ಫೋನಿನವಳು. ಮೇಡಂ! ಸರಿಯಾಗಿ ಕೇಳಿಸಲಿಲ್ಲ ಅಂತ ಸುಳ್ಳು ಹೇಳಿ ಇನ್ನೊಮ್ಮೆ ಅನ್ನಿಸಿಕೊಂಡೆ.

ತಂಗಿ ಸಪನಾ ಕುಣಿದಳು. ರಾಯಬಾಗದಲ್ಲಿ ಸೆಕೆಂಡ್ ಪಿಯು ಸೈನ್ಸ್ ಅವಳದು. “ಮೊದಲ ಪಗಾರದಾಗ ನನಗ ನೀಟ್ ಕೋಚಿಂಗ್ ಹಚ್ಚಬೇಕ ನೋಡಕ್ಕಾ. ಡಾಕ್ಟರ್ ಆದಿಂದ ನಿನಗ ಫ್ರೀ ಇಂಜೆಕ್ಷನ್.”

ಅಪ್ಪ ಕಂಬಳಿ ಎಳೆದುಕೊಂಡು ಕೂತ. “ಭಂಡಾರ ಎತ್ತೇನವಾ.” ಅಷ್ಟೇ.

“ನಿನ್ನ ಕಡಿಂದ ಯಾಕ ಎತ್ತಿಸಿದಾ? ತಾ ಯಾಕ ಎತ್ತಲಿಲ್ಲ? ಅವನ ಕೈಗೇನ ಹುಳಾ ಹತ್ತಿತ್ತಾ?” ನಾನು ಕೂಗಿದೆ.

“ಮೆಲ್ಲಕ. ಕೇಳೀತು,” ಅಂದಳು ಅವ್ವ, ಬಾಗಿಲು ಮುಂದೆ ಮಾಡುತ್ತಾ.

ಯಾರಿಗೆ? ದೇವರಿಗೋ, ಸಾವ್ಕಾರನಿಗೋ? ನಮ್ಮ ವಸ್ತಿಯಲ್ಲಿ ಇಬ್ಬರೂ ಒಂದೇ ಕಿವಿಯಿಂದ ಕೇಳುತ್ತಾರೆ.

ಮೇ 31, ಶನಿವಾರ

ಸಾವ್ಕಾರರ ಕಟ್ಟೆ. ನಾನೇ ಹೇಳಿದೆ. “ನಾ ಬರೂದಿಲ್ರಿ. ನಿಪಾಣಿಗೆ ಹೊಂಟೇನಿ.”

ಬಯ್ಯಲಿಲ್ಲ. ಅಡಿಕೆ ಕತ್ತರಿಸುತ್ತಾ ಕೂತರು. “ಹೋಗವಾ. ನಿನಗೇನ ದಾವಣಿ ಕಟ್ಟೇನಿ?” ಅಪ್ಪನ ಕಡೆ ತಿರುಗಿದರು. “ವಿಠೋಬಾ, ನಾಳಿಂದ ಕುರಿ ನನ್ನ ಹೊಲಕ ಹೊಡೀಬ್ಯಾಡ. ಭಂಡಾರಾ ಮುರದಾಂವನ ಹಿಂಡ ಯಾರ ಹೊಲದಾಗೂ ನಿಂದ್ರಬಾರದು. ಸುತ್ತ ಊರಿಗೆ ನಾನ ಹೇಳಿ ಕಳಸ್ತೀನಿ.”

ಅಪ್ಪ ಬಗ್ಗಿದ. ಅವರ ಚಪ್ಪಲಿ ತನಕ. ನೋಡಲಾಗಲಿಲ್ಲ. ಶಾಣ್ಯಾತನ ತೋರಿಸಹೋದೆ. ನಮ್ಮಲ್ಲಿ ಹಿಂಡಿನ ಹಿಂದೆ ಹೋಗುವ ಪಾಳಿ ಒಬ್ಬರಿಗೆ ತಪ್ಪಿದರೆ ಮನೆಯ ಇನ್ನೊಬ್ಬರು ಬದಲಿ ಹೋಗುತ್ತಾರೆ. ಆಗ ಮಾತು ಮುರಿದಂತಲ್ಲ. ಎಮ್ಮೆ ಕೆಲಸ ಬಲ್ಲ ಕಾಕಾನ ಮಗ ಬೀರದೇವ ನನ್ನ ತಲೆಯಲ್ಲಿದ್ದ.

“ಬದಲಿ ಕೊಡ್ತೀವ್ರಿ. ನಮ್ಮ ಬೀರದೇವಣ್ಣ ಬರ್ತಾನ.”

ಅಡಕೊತ್ತು ನಿಂತಿತು. “ಬದಲಿ ಅಂದ್ರ ಒಂದ ಒಲಿದು ಇರಬೇಕಲಾ? ಅಂವಾ ಬ್ಯಾರೆ ಉಣ್ತಾನ. ನಿಮ್ಮ ಮಂದಿ ರೂಢಿ ನನಗ ಕಲಸ್ತಿ? ಸಪನಾ ಅದಾಳ. ಸೈನ್ಸ್ ಓದ್ಯಾಳ. ಅಕಿನ್ನ ಕಳಸ್ರಿ, ನೀ ಖುಷಿಲೆ ಹೋಗ.”

ಅಪ್ಪ ನನ್ನ ಮುಖ ನೋಡಿದ. ಬದಲಿ ಅಂದದ್ದು ನನ್ನ ಬಾಯಿ. ಬೇಡ ಅನ್ನಲೂ ಅದೇ ಬಾಯಿ ಇತ್ತು. ಅನ್ನಲಿಲ್ಲ. ಬಾಯೊಳಗೆ “ಮೇಡಂ” ಇತ್ತು.

ಅಪ್ಪ ಎರಡನೇ ಸಲ ಭಂಡಾರ ಎತ್ತಿದ.

ಹೊರಟಾಗ ಹಿಂದಿನಿಂದ ಕೂಗಿದರು. “ನನ್ನ ಹಾಲೂ ನಿಪಾಣಿ ಕಂಪನಿಗೇ ಬರ್ತೈತಿ, ಮನಿಷಾ. ಭೆಟ್ಟಿ ಆಕ್ಕೋತ ಇರೂಣು.”

ಜೂನ್ 2, ಸೋಮವಾರ

ಬಸ್ಸಿನಲ್ಲಿ. ಚಿಕ್ಕೋಡಿ ದಾಟಿತು. ಅಕ್ಷರ ಕುಣಿಯುತ್ತಿವೆ.

ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಮನೆ ಬಿಟ್ಟೆವು. ಸಪನಾ ನನ್ನ ಹಳೆ ಚೂಡಿದಾರ್ ಹಾಕಿದ್ದಳು. “ವಾರದಾಗ ಎರಡ ದಿನಾ ಕಾಲೇಜಿಗೆ ಬಿಡ್ತಾರಂತಕ್ಕಾ,” ಅಂದಳು. ನಂಬಿದೆ. ನಂಬಿದರೆ ಬಸ್ ಹತ್ತುವುದು ಸುಲಭ.

ಜುಲೈ 20, ಭಾನುವಾರ

ಊರಿಗೆ ಬಂದಿದ್ದೆ. ಕಾಲೇಜಿಗೆ ಒಂದು ದಿನವೂ ಬಿಟ್ಟಿಲ್ಲ. ಕ್ಯಾನ್ ತೊಳೆಯುವ ಸೋಡಾಕ್ಕೆ ಸಪನಾಳ ಬೆರಳ ಸಂದಿ ಒಡೆದಿವೆ. ಅದನ್ನು ನಗುನಗುತ್ತಲೇ ತೋರಿಸಿದಳು.

“ಎಮ್ಮಿಗೊಳಿಗೆ ಪಿರಿಯಾಡಿಕ್ ಟೇಬಲ್ ಕಲಸಾಕತ್ತೇನಿ. ಒಂದರ ಹೆಸರ ಹೀಲಿಯಂ. ಯಾವ ಎಮ್ಮಿ ಜೋಡಿನೂ ಕೂಡೂದಿಲ್ಲ ಅದು.” ಆಮೇಲೆ, “ಅಕ್ಕಾ, ಕೇಳಿದ್ಯಾ? ಹೆಣ್ಮಕ್ಕಳ ಹೆಸರಿಲೆ ಹಾಲ ಹಾಕಿದ್ರ ಕಂಪನಿ ಬೋನಸ್ ಕೊಡ್ತೈತಂತ. ಡೇರಿದ ಹಾಲ ಹಾಕೂ ಕೋಡ್ ನನ್ನ ಹೆಸರಿಲೆ ತಗಸ್ಯಾರ. ನಾ ಈಗ ಹಾಲಿನ ಸಾವ್ಕಾರ್ತಿ!”

ನಾನೂ ನಕ್ಕೆ. ಮೊದಲ ಪಗಾರದಲ್ಲಿ ಮೊಬೈಲ್ ತಗೊಂಡಿದ್ದೆ. ಅವಳು ಅಂಗೈ ಒರೆಸಿಕೊಂಡು ಅದನ್ನು ಮುಟ್ಟಿ ನೋಡಿದಳು. ಕೋಚಿಂಗ್ ಮಾತು ಇಬ್ಬರೂ ತೆಗೆಯಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಸಪನಾಳ ಕೋಡಿನ ಹಾಲು. ಯಂತ್ರದಲ್ಲಿ ಗಟ್ಟಿ ಹಾಲು ಅಂತ ಬಂತು. ಟ್ಯೂಬಿಗೆ ಔಷಧ ಬಿಟ್ಟೆ. ಹಳದಿ. ಕಡು ಹಳದಿ. ಅಪ್ಪನ ಚೀಲದ ಬಣ್ಣ.

ಯೂರಿಯಾ. ಹಾಲಿಗೆ ನೀರು ಸುರಿಯುವುದು, ತೆಳು ಅಂತ ಸಿಕ್ಕಿಬೀಳಬಾರದು ಅಂತ ಗೊಬ್ಬರ ಬೆರೆಸುವುದು.

ಬಾತ್‌ರೂಮಿಗೆ ಹೋಗಿ ಸಪನಾಗೆ ಫೋನ್ ಹಚ್ಚಿದೆ.

“ಅಳಿಯಾರ ಪುಡಿ ಕೊಡ್ತಾರಕ್ಕಾ. ಕಲಸು ಅಂತಾರ. ಒಲ್ಯಾ ಅಂದ್ರ ಅಪ್ಪನ ಕುರಿ ಸುದ್ದಿ ತಗೀತಾರ.”

“ಅದೇನಂತ ಗೊತ್ತೈತೇನ ನಿನಗ?”

“ಸೈನ್ಸ್ ಓದೇನಲಾ. ಅದಕ್ಕ ಅಲ್ಲಾ ನನ್ನ ಆರಿಸಿದ್ದು?”

ಅಳಿಯ ಅಲ್ಲೇ ನಿಂತು ಕೇಳಿಸಿಕೊಂಡಿರಬೇಕು, ಅರ್ಧ ಗಂಟೆಯಲ್ಲಿ ಸಾವ್ಕಾರರೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿಲ್ಲ. “ರಿಜೆಕ್ಟ್ ಮಾಡ್ತಿ? ಮಾಡವಾ. ಕೋಡ್ ಯಾರ ಹೆಸರಿಲೆ ಐತಿ ನೋಡಿ ಮಾಡ. ಜೇಲಿಗೆ ಅಕಿ ಹೋಗ್ತಾಳ, ನಾ ಅಲ್ಲ. ಮನಿಷಾ, ನಿಮ್ಮಪ್ಪ ಮೂರ ವರ್ಷ ಅಂದಾನ. ನೀ ಎಲ್ಲಿ ಕುಂತರೇನು, ಮಾಡೂದು ನನ್ನ ಕೆಲಸಾನ.”

ಹಾಳಾಗಿ ಹೋಗ. ನಿನ್ನ ದ್ರಾಕ್ಷಿ ಪಡಕ್ಕೆ ಬೆಂಕಿ ಬೀಳಲಿ. ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಹೇಳಿದ್ದು “ಹೂನ್ರಿ.”

ಪಾಸ್ ಒತ್ತಿದೆ.

ಸೆಪ್ಟೆಂಬರ್ 12

ಪಾಸ್.

ಸೆಪ್ಟೆಂಬರ್ 30

ಪಾಸ್. ಈಗ ಆ ಟ್ಯೂಬಿಗೆ ಔಷಧ ಬಿಡುವುದನ್ನೇ ಬಿಟ್ಟಿದ್ದೇನೆ. ಬಿಡದಿದ್ದರೆ ಹಳದಿಯಾಗುವುದಿಲ್ಲ. ಹಾಸ್ಟೆಲ್ ಚಹಾ ಕುಡಿಯುವುದನ್ನೂ ಬಿಟ್ಟೆ. ಹಾಲು ನಮ್ಮ ಕಂಪನಿಯದೇ. ಊರ ಮಕ್ಕಳು ಕುಡಿಯುತ್ತಿವೆ... ಕುಡಿಯಲಿ.

ಎಂಥ ಮಾತು ಬರೆದೆ. ಹೊಡೆದು ಹಾಕುವುದಿಲ್ಲ. ಇರಲಿ.

ಅಕ್ಟೋಬರ್ 27, ಸೋಮವಾರ

ಪರ್ಮನಂಟ್ ಆರ್ಡರ್ ಬಂತು. ಲೆಟರ್‌ಹೆಡ್, ಸಹಿ, ಸಿಕ್ಕಾ. ನನಗೂ ಕಾಗದ! ಲ್ಯಾಬ್ ಇನ್‌ಚಾರ್ಜ್ ನೀಲಮ ಮೇಡಂ ಪೇಢಾ ತಿನ್ನಿಸಿದರು. “ಖೂಪ್ ಛಾನ್, ಭಾಳ ಚಲೋ ಆತ, ಮನಿಷಾ. ನಿನ್ನಂಥಾ ಪ್ರಾಮಾಣಿಕ ಹುಡಿಗ್ಯಾರ ಬೇಕ ನಮಗ.”

ಪೇಢಾ ನುಂಗಿದೆ.

ಆರ್ಡರ್ ಫೋಟೋ ಸಪನಾಗೆ ಕಳಿಸಿದೆ. ನೀಲಿ ಗುರುತು ಬಿತ್ತು, ಅಷ್ಟೇ. ಪರೀಕ್ಷೆಗೆ ಅವಳ ಹಾಜರಾತಿ ಸಾಲಲಿಲ್ಲ, ಕಾಲೇಜಿನವರು ಹೆಸರು ತೆಗೆದರು ಅಂತ ಅವ್ವ ಹೇಳಿದಳು. ಹೇಳಿ, “ನೀ ಹೊಟ್ಟಿ ತುಂಬ ಉಣ್ಣವಾ” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 6, ಗುರುವಾರ. ಮಧ್ಯಾಹ್ನ

ನೀಲಮ ಮೇಡಂ ಇವತ್ತು ತಾವೇ ಎಲ್ಲ ಕೋಡಿನ ಹಾಲು ತಪಾಸಣೆ ಮಾಡಿದರು. ಊಟದ ಹೊತ್ತಿಗೆ ಕರೆದರು. ಮೇಜಿನ ಮೇಲೆ ಟ್ಯೂಬ್. ಹಳದಿ.

“ಹೇ ಕಾಯ್ ಗ, ಮನಿಷಾ? ಏನಿದು? ಎಷ್ಟ ದಿನದಿಂದ ನಡದೈತಿ?”

“ಇವತ್ತ... ಇವತ್ತ ಆಗಿರಬೇಕ್ರಿ ಮೇಡಂ.”

“ಆಫೀಸಿನವರು ಪೊಲೀಸರಿಗೆ ಕೊಡ್ತಾರ. ಹಾಕಿದವರದು ತಪ್ಪಾ, ಗೊತ್ತಿದ್ದೂ ಬಿಟ್ಟ ನಿನ್ನದಾ, ಅದನ್ನ ಕೇಳ್ತಾರ. ನೀನ ವರದಿ ಬರಿ. ಸಂಜಿಗೆ ಕೊಡು.” ಕಂಪ್ಯೂಟರಿನ ಕಡೆ ನೋಡಿದರು. “ಸಪನಾ ಅಂತಷ್ಟ ಐತಿ. ಹುಡುಗಿ ಹೆಸರು, ನಿಮ್ಮ ಕಡೆದ ಕಾಣ್ತೈತಿ. ಗುರುತೇನ?”

ಸಾವ್ಕಾರನ ಹೆಸರು ಹೇಳಬಹುದಿತ್ತು. ಎಲ್ಲ ಹೇಳಬಹುದಿತ್ತು. ಹೇಳಿದರೆ ಇಷ್ಟು ದಿನದ ಪಾಸ್‌ಗಳೂ ಹೇಳಬೇಕು. ಆರ್ಡರ್ ಹೋಗುತ್ತದೆ. ಮತ್ತೆ ಕುರಿ ನಾತ. ಮತ್ತೆ ಆ ಕಟ್ಟೆ.

“ಇಲ್ರಿ ಮೇಡಂ. ಗುರುತಿಲ್ಲ.”

ಸಪನಾಳ ಫೋನ್ ಬರುತ್ತಿದೆ. ಮೂಗನಂತೆ ಮೇಜಿನ ಮೇಲೆ ನಡುಗುತ್ತಿದೆ. ಎತ್ತಿಲ್ಲ. ಬದಲಿ ಕೊಟ್ಟವಳು ನಾನೇ ತಾನೆ. ಕೊಟ್ಟ ಮೇಲೆ ಪೂರ್ತಿ ಕೊಡಬೇಕು.

ವರದಿ ಮುಗಿಯಿತು. ಅಕ್ಷರ ದುಂಡಗೆ ಬಂದಿವೆ. ಒಂದು ಸಾಲು ಉಳಿದಿದೆ, ಹಾಲು ಹಾಕಿದವರ ಪೂರ್ಣ ಹೆಸರು. ಅದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

ಸಪನಾ ವಿಠೋಬಾ