ಸೌನಾದಲ್ಲಿ ಕಂಡ ಕಂದು ಗೆರೆ

ಟಾಂಪೆರೆ
ಜುಲೈ ೩

ಪ್ರೀತಿಯ ಇರ್ಯಾ ಅತ್ತೆ,

ನಿಮ್ಮ ಮಗ ಒಸ್ಸಿ ನನ್ನಿಂದ ಬೇರೆಯಾಗಿ ವರ್ಷ ಕಳೆದರೂ ನಿಮ್ಮನ್ನು ಅತ್ತೆ ಎಂದೇ ಕರೆಯುತ್ತಿದ್ದೇನೆ. ನಾಲಿಗೆ ಬೇರೆ ಏನನ್ನೂ ಒಪ್ಪುತ್ತಿಲ್ಲ.

ನಡುಬೇಸಿಗೆಯ ಹಬ್ಬಕ್ಕೆ ನೀವು ಕರೆದಾಗ ಮಕ್ಕಳನ್ನಷ್ಟೇ ಕಳಿಸಿಬಿಡೋಣ ಎಂದುಕೊಂಡಿದ್ದೆ. ಹಬ್ಬವೆಂದರೆ ಸೌನಾ, ಸೌನಾ ಎಂದರೆ ನೀವು, ನಾನು, ನಿಮ್ಮ ಮಗಳು ಪೈವಿ ಮೈಮೇಲೆ ನೂಲೆಳೆಯಿಲ್ಲದೆ ಹಬೆಯಲ್ಲಿ ಕೂರುವುದು. ಚಳಿಗಾಲದಲ್ಲಿ ನಾನು ಆಸ್ಪತ್ರೆಗೆ ಹೋಗಿದ್ದು ಆಗ ನಿಮಗೆ ಹೇಳಿದಂತೆ ಬೆನ್ನುನೋವಿಗಲ್ಲ, ಅದೀಗ ನಿಮಗೂ ಗೊತ್ತು ಅತ್ತೆ. ಎರಡು ಬಾಣಂತನಕ್ಕೆ ಜೋತುಬಿದ್ದ ಮೊಲೆಗಳನ್ನು ಎತ್ತಿ ಹೊಲಿಸಿಕೊಳ್ಳುವುದಕ್ಕೆ. ಇಂಥ ಶೋಕಿ ನಿಮಗೆ ಆಗುವುದಿಲ್ಲ. ಮಗನ ನಂಟೂ ಕಳಚಿದ ಮೇಲೆ ಇದೊಂದು ನೆಪ ಸಾಕು, ನಿಮ್ಮ ಮನೆ ಬಾಗಿಲು ನನಗೆ ಮುಚ್ಚಿಹೋಗುತ್ತದೆ ಎಂದು ಹೆದರಿದ್ದೆ.

ಗಾಯಕ್ಕೆ ವರ್ಷವಿಡೀ ಬಿಸಿಲು ತಾಗಬಾರದೆಂದು ನರ್ಸ್ ಸಾರಿ ಸಾರಿ ಹೇಳಿದ್ದಳು. ಆದರೆ ಅಷ್ಟುದ್ದದ ಚಳಿಗಾಲದ ಕತ್ತಲೆ ಮುಗಿದು ಮೇ ತಿಂಗಳ ಬಿಸಿಲು ಬಾಲ್ಕನಿಗೆ ಇಳಿದರೆ ನಮ್ಮಲ್ಲಿ ಯಾರ ಮೈಮೇಲೆ ಬಟ್ಟೆ ನಿಲ್ಲುತ್ತದೆ ಹೇಳಿ? ನಾನೂ ಬಿಚ್ಚಿಟ್ಟು ಮಲಗಿದೆ. ಕೆಂಪಗಿದ್ದ ಹೊಲಿಗೆಯ ಗೆರೆಗಳು ಕಾಫಿ ಬಣ್ಣಕ್ಕೆ ತಿರುಗಿದವು. ತೊಟ್ಟಿನ ಸುತ್ತ ಅಲ್ಲಲ್ಲಿ ಬಿಳಿಚಿಕೊಂಡಿತು. ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟೆ.

ಸೌನಾದಲ್ಲಿ ಎದೆಗೆ ಕೈಕಟ್ಟಿ ಕೆಳಗಿನ ಬೆಂಚಿನ ಮೂಲೆ ಹಿಡಿದವಳನ್ನು ನೀವು ಬಿಡಲಿಲ್ಲ. "ಏನೇ ಸೈಲಾ, ಕೆಳಗೆ ಕೂತು ನೆಲ ಕಾಯ್ತಿದೀಯಾ? ಮೇಲೆ ಬಾ" ಎಂದಿರಿ. ಬಂದೆ. ನೀವು ನೋಡಿದಿರಿ, ನಾನು ಎಲ್ಲ ಒದರಿಬಿಟ್ಟೆ. ನೀವು ಬಿಸಿಕಲ್ಲಿಗೆ ಒಂದು ಸೌಟು ನೀರು ಹೊಯ್ದು, "ಅಷ್ಟು ಚೆನ್ನಾಗಿ ಹೊಲಿಸ್ಕೊಂಡು ಬಂದು ಬಿಸಿಲಿಗೆ ಒಣಹಾಕಿದ್ಯಲ್ಲೇ! ತಲೆ ಬೇಡ್ವಾ ನಿಂಗೆ?" ಎಂದಿರಿ. ಪೈವಿ ನಕ್ಕು ನಕ್ಕು ಬೆಂಚಿನಿಂದ ಜಾರಿದಳು.

ಇನ್ನು ಮುಂದೆಯೂ ಬರಬಹುದಾ ಎಂದು ಕೇಳಿದ್ದಕ್ಕೆ ಮಾತ್ರ ನೀವು ರೇಗಿದಿರಿ. "ಅವನು ಬಿಟ್ಟ ಅಂತ ನಾನೂ ಬಿಡ್ಬೇಕೇನೇ? ತಿರುಗು ಆ ಕಡೆ" ಎಂದು ಪ್ರತಿ ಸಲದ ಸೌನಾದಂತೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಾರಿಸಿದಿರಿ. ನಾನು ಅತ್ತದ್ದು ಹಬೆಯಲ್ಲಿ ನಿಮಗೆ ಕಾಣಲಿಲ್ಲವೇನೋ.

ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ, ಪೂರ್ತಿ ಹೋಗದೆಯೂ ಇರಬಹುದಂತೆ. ಇದ್ದರೆ ಇರಲಿ. ನಿಮಗೆ ಎಷ್ಟು ಕೃತಜ್ಞಳೆಂದು ಎದುರಿಗೆ ಹೇಳಿದ್ದರೆ ಬೈಯುತ್ತಿದ್ದಿರಿ, ಅದಕ್ಕೇ ಬರೆದೆ.

ನಿಮ್ಮ ಸೊಸೆ,
ಸೈಲಾ

ಮರೆತಿದ್ದೆ: ಆಗಸ್ಟಿನಲ್ಲಿ ಒಸ್ಸಿ ತನ್ನ ಹೊಸ ಗೆಳತಿಯನ್ನು ನಿಮ್ಮಲ್ಲಿಗೆ ಕರೆತರುತ್ತಾನೆಂದು ಮಕ್ಕಳು ಹೇಳಿದರು. ನನಗೆ ತಿಳಿಸಲು ನೀವು ಹಿಂಜರಿದಿರಬೇಕು. ನಾನೂ ಬರುತ್ತೇನೆ. ಅವಳನ್ನೂ ನಮ್ಮ ಜೊತೆಗೇ ಸೌನಾಗೆ ಕರೆಯೋಣ ಅತ್ತೆ. ಪಾಪ, ಅವಳಿಗೆ ಒಳಗೊಳಗೇ ಎಷ್ಟು ಹೆದರಿಕೆಯೋ.