ತೂಕದ ಹಿಂದಿನ ದಿನ

ಪೌಷ್ಟಿಕ ಆಹಾರ ಯೋಜನೆಯನ್ನು ನಡೆಸುವ ಮಾನ್ಯರೇ,

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಬೇಕೆಂದೇ ಉಪವಾಸ ಕೆಡವುತ್ತಾಳೆ. ಅವಳಿಗೆ ಅದನ್ನು ಕಲಿಸಿದವರು ನೀವು.

ಆಕೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬಟ್ಟೆ ಇಸ್ತ್ರಿ ಮಾಡುವವಳು. ನಾಲ್ಕು ವರ್ಷದ ಮಗಳನ್ನು ಬೀದಿಯವರೆಲ್ಲ ಗುಬ್ಬಿ ಎನ್ನುತ್ತೇವೆ. ಮೈಯಲ್ಲಿ ಇರುವುದು ಅಷ್ಟೇ. ನಿಮ್ಮ ಕೇಂದ್ರದಿಂದ ಮೊಟ್ಟೆ, ಹಾಲು, ಬೇಳೆ ಬರತೊಡಗಿದ ಮೇಲೆ ಗುಬ್ಬಿಯ ಕೆನ್ನೆ ತುಂಬಿತು. ಮೆಟ್ಟಿಲು ಹತ್ತಿ ಬಂದು ನನ್ನ ಕವನ ಸಂಕಲನಗಳನ್ನೆಲ್ಲ ನೆಲಕ್ಕೆ ಕೆಡವಿ ನಗುವಷ್ಟು ಗಟ್ಟಿಯಾದಳು. ತಕ್ಕಡಿಯ ಮುಳ್ಳು, ಅದರ ಕೆಳಗಿರುವ ಮಕ್ಕಳಿಗಷ್ಟೇ ಆಹಾರವೆಂದು ನೀವು ಎಳೆದ ಗೆರೆ ದಾಟಿತು. ಯೋಜನೆ ಯಶಸ್ವಿಯಾಯಿತು, ಆದ್ದರಿಂದ ಮೊಟ್ಟೆ ನಿಂತಿತು! ಗಿಡ ಚಿಗುರಿತೆಂದು ನೀರು ನಿಲ್ಲಿಸುವ ಮಾಲಿಯನ್ನು ನಿಮ್ಮ ಬಂಗಲೆಯಲ್ಲಿ ಒಂದು ದಿನವಾದರೂ ಇಟ್ಟುಕೊಳ್ಳುವಿರಾ?

ಆಮೇಲೆ ಬಂದದ್ದು ಒಂದೇ ಒಂದು ಜ್ವರ, ಅದೂ ತಾಯಿಗೆ. ಮಗಳ ತಟ್ಟೆಯನ್ನಷ್ಟೇ ನೋಡುವ ನಿಮಗೆ ಆಕೆ ಏನು ತಿನ್ನುತ್ತಾಳೆಂಬುದು ಸಂಬಂಧಪಡದ ವಿಷಯ. ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು, ಅದರೊಂದಿಗೆ ಒಲೆಯೂ. ಗುಬ್ಬಿ ಸೊರಗಿ ಮತ್ತೆ ನಿಮ್ಮ ಕೃಪೆಗೆ ಅರ್ಹಳಾದಳು. ಈ ಸಲ ತಾಯಿ ಬುದ್ಧಿವಂತೆ. ತೂಕ ನೋಡುವ ಹಿಂದಿನ ದಿನ ಮಗುವಿಗೆ ಬರೀ ನೀರು.

ಕಳೆದ ವಾರ ಇದು ಗೊತ್ತಾಗಿ ನಾನು ರೇಗಿದೆ. "ಅಲ್ಲಮ್ಮಾ, ಹೆತ್ತ ಮಗೂಗೆ ಯಾರಾದ್ರೂ ಹೀಗೆ ಮಾಡ್ತಾರಾ?"

ಆಕೆ ಕೆಂಡ ಊದುತ್ತಲೇ ಹೇಳಿದಳು: "ಒಂದಿನ ಹಸ್ಕೊಂಡಿದ್ರೆ ತಿಂಗಳೆಲ್ಲ ತಿಂತಾಳಲ್ಲಕ್ಕಾ. ಓದಿದೋರು ನೀವು, ಬೇರೆ ದಾರಿ ಇದ್ರೆ ಹೇಳಿ."

ಹಸಿವಿನ ಮೇಲಿನ ಕವಿತೆಗಳು ನನ್ನ ಕಪಾಟಿನ ತುಂಬ ಇವೆ. ಒಂದೂ ಆ ಹೊತ್ತಿಗೆ ಒದಗಲಿಲ್ಲ.

"ಅಮ್ಮಾ, ನಾನೀಗ ಹಗುರಾಗಿದೀನಾ?" ಗುಬ್ಬಿ ಕೇಳಿದಳು.

"ಆಗಿದೀಯ ಕಣೇ ನನ್ನವ್ವಾ. ನಾಳೆ ತಕ್ಕಡಿ ಮೇಲೆ ಕುಣೀಬೇಡ, ಅಷ್ಟೇ."

ಕುಣಿಯಲಿಲ್ಲ, ಮಾನ್ಯರೇ. ನಿಮ್ಮ ಕೇಂದ್ರದ ಬಾಗಿಲಲ್ಲಿ, ಸಾಲಿನಲ್ಲಿ ನಿಂತಿದ್ದವಳು ಹಾಗೇ ಕುಸಿದಳು. ಈಗ ಆಸ್ಪತ್ರೆಯಲ್ಲಿದ್ದಾಳೆ. ನಿನ್ನೆ ನರ್ಸಮ್ಮ ಗಂಜಿ ಕುಡಿಸುತ್ತಿದ್ದರು. ಮಗು ಬಟ್ಟಲು ನೆಕ್ಕುತ್ತಿತ್ತು. ನನಗೆ ಜೀವ ಬಂದಂತಾಯಿತು. ತಾಯಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು: "ಅಕ್ಕಾ, ಇವ್ರು ಹೀಗೆ ತಿನ್ಸಿ ತಿನ್ಸಿ ತೂಕ ಜಾಸ್ತಿ ಆಗ್ಬಿಟ್ರೆ?"

ಮಗು ಚೇತರಿಸಿಕೊಂಡೀತೆಂದು ತಾಯಿ ಹೆದರುವಂತೆ ಮಾಡಿದ್ದೀರಿ. ಇದಕ್ಕಿಂತ ಕೆಳಗೆ ಇನ್ನೆಲ್ಲಿಗೆ ಇಳಿಯುವುದು?

ಮುಂದಿನ ತೂಕದ ದಿನಕ್ಕೆ ಮೊದಲು ಆ ಗೆರೆಯನ್ನು ಅಳಿಸಿ. ತೂಕ ಬಂದ ಮಗುವಿಗೂ ಕೊಡಿ, ತಾಯಿಗೂ ಕೊಡಿ. ಒಂದು ಜ್ವರ ಬಂದರೆ ಮಲಗಿಬಿಡದಷ್ಟು ಆ ಮನೆ ಗಟ್ಟಿಯಾಗುವವರೆಗೆ ಕೊಡಿ. ಬೇಡಿಕೆ ಎನ್ನಿ, ಕಾಲಿಗೆ ಬೀಳುವುದು ಎನ್ನಿ, ನಿಮ್ಮಿಷ್ಟ. ನಾಳೆ ಆಸ್ಪತ್ರೆಗೆ ಹೋದಾಗ ಆಕೆಗೆ ನಾನೇನು ಹೇಳಲಿ?

ಇಂತಿ,
ಉತ್ತರ ಗೊತ್ತಿಲ್ಲದ, ಓದಿದವಳೆನಿಸಿಕೊಂಡ
ಮೆಟ್ಟಿಲ ಮೇಲಿನ ಮನೆಯವಳು